ನೀತಿಯ ವಿಚಾರ

ಬಳ್ಳಾರಿಯ ಗಾಂಧಿನಗರದ ಮನೆಯೊಂದರಲ್ಲಿ ಉಣ್ಣುವ ಅನ್ನದ ಅಕ್ಕಿ ಸಿರುಗುಪ್ಪದ ಕಡೆಯ ಗದ್ದೆಯಿಂದ ಬಂದಿರಬಹುದು. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿ ಭತ್ತ ಬೆಳೆಯುತ್ತಿರುವುದು ತುಂಗಭದ್ರೆಯ ಕೃಪೆಯಿಂದ. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಬಲದಂಡೆಯ ಕಾಲುವೆಗಳು ಬಳ್ಳಾರಿ ಸೀಮೆಯ ಹೊಲಗಳಿಗೆ ನೀರುಣಿಸುತ್ತ ಆಂಧ್ರಪ್ರದೇಶವನ್ನು ಪ್ರವೇಶಿಸುತ್ತವೆ. ಎಡದಂಡೆಯ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳತ್ತ ಸಾಗುತ್ತದೆ.

ಬರಗಾಲಕ್ಕೆ ಮತ್ತೆ ಮತ್ತೆ ತುತ್ತಾಗುತ್ತಿದ್ದ ನಾಡನ್ನು ಕಾಪಾಡುವುದು ಈ ಯೋಜನೆಯ ಉದ್ದೇಶವಾಗಿತ್ತು. ಕೆಲವರಿಗೆ ಹೆಚ್ಚು ನೀರು ಕೊಡುವ ಬದಲು ಹಲವರಿಗೆ ಸ್ವಲ್ಪ ಸ್ವಲ್ಪ ಕೊಡಬೇಕೆಂದು ಬಹುಪಾಲು ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂತಹ ಮಿತ ನೀರಾವರಿ ಬೆಳೆಗಳಿಗೆ ಗೊತ್ತುಮಾಡಲಾಯಿತು. ಆದರೆ ಕಾಲುವೆಯ ಮೇಲ್ಭಾಗದ ಅನೇಕ ರೈತರು ಕ್ರಮೇಣ ಭತ್ತವನ್ನು ಬೆಳೆಯತೊಡಗಿದರು. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ಮೇಲೆ ನಿಂತ ನೀರು ಕೆಳಗೆ ಹರಿಯಲಾರದು. ಕೊನೆ ಭಾಗದ ರೈತರು ಬತ್ತಿದ ಉಪಕಾಲುವೆಯ ದಂಡೆಯಲ್ಲಿ ಕಾಯುವ ಪ್ರಸಂಗ ಹೀಗೆ ಉಂಟಾಯಿತು.

ಈಗ ಒಂದು ರಾತ್ರಿಯನ್ನು ಊಹಿಸಿಕೊಳ್ಳಬಹುದು. ಮೇಲ್ಭಾಗದ ರೈತನೊಬ್ಬ ತೂಬಿನ ಬಳಿ ನಿಂತಿದ್ದಾನೆ. ಅವನ ಪೈರು ತೆನೆ ಕಟ್ಟುವ ಹಂತದಲ್ಲಿದೆ, ಸಾಲ ಬೆಳೆದಿದೆ. ತೂಬಿನ ಬಾಗಿಲನ್ನು ಒಂದು ಗೇಣು ಹೆಚ್ಚಿಗೆ ಎತ್ತಿದರೆ ಪೈರು ಉಳಿಯುತ್ತದೆ. ನೋಡುವವರು ಯಾರೂ ಇಲ್ಲ. ಅವನು ಅದನ್ನು ಎತ್ತಬಹುದೆ?

ಎಷ್ಟು ನೀರು ಹರಿದೀತೆಂಬುದನ್ನು ಎಂಜಿನಿಯರು ಲೆಕ್ಕಹಾಕಿ ಹೇಳಬಲ್ಲನು. ಎಷ್ಟು ಲಾಭ ಬಂದೀತೆಂಬುದನ್ನು ಅರ್ಥಶಾಸ್ತ್ರಜ್ಞನೂ, ಸಿಕ್ಕಿಬಿದ್ದರೆ ಆಗುವ ದಂಡವನ್ನು ವಕೀಲನೂ ತಿಳಿಸಬಲ್ಲರು. ಇವೆಲ್ಲವನ್ನೂ ಕೇಳಿದ ಮೇಲೂ ‘ಎತ್ತಬಹುದೆ?’ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇರುವುದನ್ನು ಎಷ್ಟು ಕೂಡಿಸಿದರೂ ಇರಬೇಕಾದುದು ತಾನಾಗಿ ಹೊರಬೀಳುವುದಿಲ್ಲ. ಈ ‘ಬೇಕು’, ‘ಬಾರದು’ಗಳ ಆಧಾರವೇನೆಂದು ಪರಿಶೀಲಿಸುವ ತತ್ತ್ವಶಾಸ್ತ್ರದ ಶಾಖೆಯೇ ನೀತಿಶಾಸ್ತ್ರ. ಇದು ನೀತಿಬೋಧೆಯಲ್ಲ. ಬೋಧೆಯು ಆಜ್ಞೆಯನ್ನು ನೀಡುತ್ತದೆ; ಶಾಸ್ತ್ರವು ಆ ಆಜ್ಞೆಗೆ ಕಾರಣವನ್ನು ಕೇಳುತ್ತದೆ.

ಕಾರಣವನ್ನು ಎಲ್ಲರೂ ಒಂದೇ ಕಡೆ ಹುಡುಕಿಲ್ಲ. ಇಂಗ್ಲೆಂಡಿನ ಜೆರೆಮಿ ಬೆಂಥಮ್ (1748–1832) ಎಂಬವನ ಪ್ರಕಾರ ಕಾರ್ಯದ ಯೋಗ್ಯತೆಯನ್ನು ಅದರ ಫಲದಿಂದ ಅಳೆಯಬೇಕು. ಸಂಬಂಧಪಟ್ಟವರೆಲ್ಲರ ಸುಖದುಃಖಗಳನ್ನು ಎಣಿಸಬೇಕು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಒಂದಕ್ಕಿಂತ ಹೆಚ್ಚು ಎಕರೆ ಜೋಳ ಬೆಳೆಯುತ್ತದೆಂಬುದನ್ನು ನೆನೆದರೆ, ಈ ತಕ್ಕಡಿ ಬಹುಮಟ್ಟಿಗೆ ಕೊನೆ ಭಾಗದವರ ಕಡೆಗೆ ವಾಲುತ್ತದೆ. ಆದರೆ ಇದೇ ತಕ್ಕಡಿ ಒಂದು ಕಡೆ ತೊಡಕನ್ನು ಎದುರಿಸುತ್ತದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಎಂಬ ಊರಿನ ಜನರು ಮನೆ, ಹೊಲ, ಗುಡಿಗಳನ್ನು ಬಿಟ್ಟು ಮರಿಯಮ್ಮನಹಳ್ಳಿಯಲ್ಲಿ ನೆಲೆಸಬೇಕಾಯಿತು. ಸಾವಿರಾರು ಎಕರೆ ಹಸಿರಾಯಿತೆಂಬುದು ನಿಜ. ಆದರೆ ಕಳೆದುಕೊಂಡವರು ಒಬ್ಬರು, ಪಡೆದವರು ಇನ್ನೊಬ್ಬರು. ಮೊತ್ತ ದೊಡ್ಡದಾಯಿತೆಂದು ಹೇಳಿದ ಮಾತ್ರಕ್ಕೆ ಮುಳುಗಿದ ಮನೆಯ ಒಡೆಯನಿಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಜರ್ಮನಿಯ ಇಮ್ಯಾನ್ಯುಯೆಲ್ ಕಾಂಟ್ (1724–1804) ಬೇರೆ ದಾರಿ ಹಿಡಿದನು. ಯಾವ ನಿಯಮದಂತೆ ಒಬ್ಬನು ನಡೆಯುತ್ತಾನೋ ಆ ನಿಯಮವನ್ನು ಎಲ್ಲರೂ ಅನುಸರಿಸಬೇಕೆಂದು ಅವನು ಬಯಸಬಲ್ಲನೆ? ಎಲ್ಲ ರೈತರೂ ರಾತ್ರಿ ತೂಬನ್ನೆತ್ತಿದರೆ ಸರದಿಯೆಂಬುದೇ ಉಳಿಯುವುದಿಲ್ಲ. ತೂಬನ್ನು ಎತ್ತುವವನು ಉಳಿದವರು ನಿಯಮವನ್ನು ಪಾಲಿಸಲಿ, ತನಗೊಬ್ಬನಿಗೆ ಮಾತ್ರ ವಿನಾಯಿತಿ ಇರಲಿ ಎಂದು ಬಯಸುತ್ತಾನೆ. ತಪ್ಪು ಇರುವುದು ಈ ವಿನಾಯಿತಿಯಲ್ಲಿ. ಗ್ರೀಸಿನ ಅರಿಸ್ಟಾಟಲನು ಇವರಿಬ್ಬರಿಗಿಂತ ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಿಂದೆಯೇ ಕಾರ್ಯಕ್ಕಿಂತ ಕರ್ತೃವಿನ ಶೀಲದ ಕಡೆಗೆ ಹೆಚ್ಚು ಗಮನ ಕೊಟ್ಟಿದ್ದನು. ಶೀಲವು ಅಭ್ಯಾಸದಿಂದ ರೂಪುಗೊಳ್ಳುತ್ತದೆಂಬುದು ಅವನ ಮತ.

ಭಾರತೀಯರು ಇದೇ ವಿಷಯವನ್ನು ಪುರುಷಾರ್ಥಗಳ ಮೂಲಕ ಚರ್ಚಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು (1871–1950) ಭಾರತೀಯ ಚಿಂತನೆಯಲ್ಲಿ ಮೌಲ್ಯಗಳ ಸ್ಥಾನವನ್ನು ಕುರಿತು ಆಳವಾಗಿ ವಿಚಾರ ಮಾಡಿದರು. ಪುರುಷಾರ್ಥಗಳ ಈ ಕಲ್ಪನೆಯಲ್ಲಿ ಅರ್ಥ ಕಾಮಗಳು ನಿಂದ್ಯವಲ್ಲ. ರೈತನು ಫಸಲನ್ನೂ ಸಾಲಮುಕ್ತಿಯನ್ನೂ ಬಯಸುವುದು ಪಾಪವಲ್ಲ. ಬಯಕೆ ಧರ್ಮದ ಎಲ್ಲೆಯೊಳಗಿರಬೇಕು, ಅಷ್ಟೆ. ಬಡತನವನ್ನು ಅರಿಯದವನು ತೂಬಿನ ಬಳಿ ನಿಂತವನನ್ನು ಕಳ್ಳನೆಂದು ಕರೆದು ಸುಮ್ಮನಾಗುವುದು ಬಹಳ ಸುಲಭ. ಭತ್ತಕ್ಕೆ ಒಳ್ಳೆಯ ಬೆಲೆಯನ್ನು ಕೊಟ್ಟು ಅದೇ ಬೆಳೆಯತ್ತ ಅವನನ್ನು ಸೆಳೆದ ಪೇಟೆಗೂ, ಅನ್ನವನ್ನು ಉಣ್ಣುವ ಪಟ್ಟಣಿಗನಿಗೂ ಇದರಲ್ಲಿ ಪಾಲಿಲ್ಲವೆ?

ಆ ರೈತನ ಬಳಿ ಇನ್ನೂ ಒಂದು ವಾದವಿದೆ. ಅದು ಬಲವಾದ ವಾದ. ‘ನಾನು ಬಿಟ್ಟ ನೀರು ಕೊನೆ ಭಾಗವನ್ನು ಮುಟ್ಟುವುದೇ ಇಲ್ಲ, ಪಕ್ಕದ ಹೊಲದವನು ಹಿಡಿದುಕೊಳ್ಳುತ್ತಾನೆ. ನನ್ನ ಪೈರು ಒಣಗಿದ್ದರಿಂದ ಯಾರಿಗೇನು ಲಾಭ?’ ಫಲವನ್ನು ಮಾತ್ರ ಎಣಿಸುವವನಿಗೆ ಇದನ್ನು ಅಲ್ಲಗಳೆಯುವುದು ಕಷ್ಟ. ಕಾಂಟನ ಅನುಯಾಯಿಯು, ಪಕ್ಕದವನ ತಪ್ಪು ತನ್ನ ತಪ್ಪನ್ನು ಸರಿಯಾಗಿಸದು ಎಂದಾನು; ಆದರೆ ಒಣಗುವ ಪೈರು ಅವನದಲ್ಲ. ಒಬ್ಬನೇ ನಿಯಮ ಪಾಲಿಸಿ ನಷ್ಟಪಡುವ ಇಂತಹ ಸ್ಥಿತಿಯನ್ನು ತಪ್ಪಿಸಲೆಂದೇ ರೈತರು ಒಟ್ಟಿಗೆ ಕುಳಿತು ಸರದಿಯನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಕಾಲುವೆಗಳ ಪ್ರದೇಶದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳು ಹುಟ್ಟಿರುವುದು ಈ ಅಗತ್ಯದಿಂದಲೇ. ಸಂಘದ ಸಭೆಯಲ್ಲಿ ಒಪ್ಪಿ ಬಂದವನು ರಾತ್ರಿ ತೂಬಿನ ಬಳಿ ನಿಂತಾಗ ಅವನ ಎದುರಿಗಿರುವುದು ಬರಿಯ ನೀರಲ್ಲ, ಕೊಟ್ಟ ಮಾತು. ನೆರೆಯವನು ಆ ಮಾತನ್ನು ಮೊದಲೇ ಮುರಿದಿದ್ದರೆ ಅದು ಇವನನ್ನು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ ಎಂಬ ವಿಷಯದಲ್ಲಿ ನೀತಿಶಾಸ್ತ್ರಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ.