ಬಿಸಿಲಲ್ಲಿ ಬೈಕ್: ಕಾಣದೆ ಹೋಗುವ ಬೆವರು

ಏಪ್ರಿಲ್-ಮೇ ಮಧ್ಯಾಹ್ನ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೊಪ್ಪಳಕ್ಕೆ ಬೈಕಿನಲ್ಲಿ ಬರುವವರು "ಗಾಳಿ ಇತ್ತು ಹಕೀಮ್ ಸಾಬ್, ಬೆವರೇ ಬರಲಿಲ್ಲ" ಎನ್ನುತ್ತಾರೆ. ಬೆವರು ಬಂದಿರುತ್ತದೆ, ಒಣಗಾಳಿ ಅದನ್ನು ಕೂಡಲೇ ಹೀರಿಬಿಟ್ಟಿರುತ್ತದೆ. ಗಂಗಾವತಿಯ ಭತ್ತದ ಗದ್ದೆಗಳ ನಡುವೆಯಾದರೆ ಬೆವರು ಮೈಗೆ ಅಂಟಿ, ಬಾಯಾರಿಕೆಯನ್ನಾದರೂ ನೆನಪಿಸುತ್ತದೆ.

ಮೈಯ ಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೊರಗೆ 40 ದಾಟಿದರೆ ಎದುರುಗಾಳಿಯೇ ಮೈಯನ್ನು ಕಾಯಿಸುತ್ತದೆ. ಆಗ ತಂಪಾಗಿಸುವುದು ಬೆವರೊಂದೇ, ಅದಕ್ಕೆ ನೀರು ಬೇಕು. ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ ಹವೆಯನ್ನು ಮೊದಲು ಎಣಿಸುವುದು ಸುಮ್ಮನಲ್ಲ.

ಹೊರಡುವ ಮುನ್ನ ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ತುಂಬುತೋಳಿನ ಸಡಿಲ ಹತ್ತಿ ಅಂಗಿ ಇರಲಿ. ಮೂತ್ರ ಕಡುಹಳದಿಯಾದರೆ ನೀರು ಸಾಲದು ಎಂದರ್ಥ. ಮಗುವನ್ನು ಪೆಟ್ರೋಲ್ ಟ್ಯಾಂಕ್ ಮೇಲೆ ಕೂರಿಸುವುದನ್ನು ದಯವಿಟ್ಟು ಬಿಡಿ. ಬಿದ್ದರೆ ಅಪಾಯ, ಬಿಸಿಗಾಳಿಯೂ ಮೊದಲು ಬಡಿಯುವುದು ಅದಕ್ಕೇ. ರೋಜಾ ಇದ್ದವರು ದೂರದ ಸವಾರಿಯನ್ನು ಬೆಳಿಗ್ಗೆಯೇ ಮುಗಿಸಲಿ. ಜೀವಕ್ಕೆ ಅಪಾಯವೆನಿಸಿದರೆ ರೋಜಾ ಬಿಟ್ಟು ಆಮೇಲೆ ಖಜಾ ಮಾಡಲು ಅನುಮತಿಯಿದೆ.

ತಲೆಸುತ್ತು, ಓಕರಿಕೆ ಬಂದರೆ ಬೈಕ್ ನಿಲ್ಲಿಸಿ ನೆರಳಿಗೆ ಹೋಗಿ. ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಶರಬತ್ತು ಹುಡುಕುತ್ತ ಕೂರಬೇಡಿ. ಮೈಗೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ಏನೂ ಹಾಕಬೇಡಿ.