ವ್ಯಾಪಾರವ್ಯಾಜ್ಯವೂ ರಾಜಿಯೂ

ರಾಷ್ಟ್ರಗಳ ವ್ಯಾಪಾರವ್ಯಾಜ್ಯವು ತೀರ್ಪಿನಿಂದಲೇ ಮುಗಿಯುವುದೆಂದು ನಾವು ಭಾವಿಸುವುದುಂಟು. ಬಾಳೆಹಣ್ಣಿನ ವ್ಯಾಜ್ಯವನ್ನು ನೋಡೋಣ. 1993ರಲ್ಲಿ ಯೂರೋಪಿನ ರಾಷ್ಟ್ರಗಳ ಒಕ್ಕೂಟವು ತಮ್ಮ ಹಿಂದಿನ ವಸಾಹತುಗಳ ಹಣ್ಣಿಗೆ ಅನುಕೂಲವಾಗುವಂತೆ ಆಮದಿನ ನಿಯಮಗಳನ್ನು ಮಾಡಿತು. ಈಕ್ವಡಾರ್ ಮೊದಲಾದ ಲ್ಯಾಟಿನ್ ಅಮೆರಿಕದ ದೇಶಗಳೂ ಅಮೆರಿಕ ಸಂಯುಕ್ತ ಸಂಸ್ಥಾನವೂ ದೂರಿತ್ತವು. 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು ಅವುಗಳ ಪರವಾಯಿತು. ಆದರೆ ಈ ಸಂಸ್ಥೆಗೆ ಅಮೀನನಿಲ್ಲ, ಜಪ್ತಿಯಿಲ್ಲ; ಪ್ರತಿಸುಂಕ ಹೇರಲು ಗೆದ್ದವರಿಗೆ ಅನುಮತಿ ಕೊಡುವುದೇ ಅದರ ಕಡೆಯ ಅಸ್ತ್ರ. 1999ರಲ್ಲಿ ಸಂಯುಕ್ತ ಸಂಸ್ಥಾನವು ಅದನ್ನು ಪ್ರಯೋಗಿಸಿತು. 2000ದಲ್ಲಿ ಅನುಮತಿ ಪಡೆದ ಸಣ್ಣ ಈಕ್ವಡಾರ್ ಪ್ರಯೋಗಿಸಲಿಲ್ಲ. ಕೊನೆಗೆ 2009ರಲ್ಲಿ ಜಿನೀವಾದಲ್ಲಿ ರಾಜಿಯಾಗಿ, ಲ್ಯಾಟಿನ್ ಅಮೆರಿಕದ ಹಣ್ಣಿನ ಮೇಲೆ ಟನ್ನಿಗೆ 176 ಯೂರೋ ಇದ್ದ ಸುಂಕವನ್ನು ಕ್ರಮಕ್ರಮವಾಗಿ 114ಕ್ಕೆ ಇಳಿಸಲು ಒಪ್ಪಿಗೆಯಾಯಿತು. ವ್ಯಾಜ್ಯವನ್ನು ಮುಗಿಸಿದ್ದು ರಾಜಿಯೇ ಸರಿ; ಆದರೆ ಆ ಪಂಕ್ತಿಯಲ್ಲಿ ದುರ್ಬಲರಿಗೂ ಒಂದು ಮಣೆ ಹಾಕಿಸಿದ್ದು ತೀರ್ಪು ಎಂಬುದನ್ನು ನಾವು ಮರೆಯಲಾಗದು.