ಚೆಲುವಿನ ಊರು, ಬಾಡಿಗೆಯ ಕೋಣೆ

ನಮ್ಮ ಕೊಪ್ಪಳ ಸೀಮೆಯ ಹುಡುಗರು ಓದಲೆಂದು ಧಾರವಾಡದ ದಾರಿ ಹಿಡಿಯುವುದು ಹೊಸದಲ್ಲ. ಮಲೆನಾಡಿನ ಸೆರಗಿನ ಆ ಊರಿನ ಏರಿಳಿತದ ದಾರಿಗಳು, ಜಿಟಿಜಿಟಿ ಮಳೆ, 1917ರ ಕರ್ನಾಟಕ ಕಾಲೇಜು, 1949ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯ, ಸಾಹಿತ್ಯಗೋಷ್ಠಿ, ಸಂಗೀತ ಇವೆಲ್ಲವೂ ಎಳೆಯ ಮನಸ್ಸನ್ನು ಅರಳಿಸುತ್ತವೆ. ಪಠ್ಯದಲ್ಲಿಲ್ಲದುದನ್ನು ಅಲ್ಲಿ ಊರೇ ಕಲಿಸುತ್ತದೆ.

ಆದರೆ ಆ ಚೆಲುವಿಗೆ ಬೆಲೆಯುಂಟು. ಕೋಣೆಯ ಬಾಡಿಗೆ, ಖಾನಾವಳಿಯ ಲೆಕ್ಕ ತಿಂಗಳು ತಿಂಗಳೂ ಬರುತ್ತವೆ. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಮನೆಗೆ ಜೋಳದ ರಾಶಿ ಬರುವುದು ವರ್ಷಕ್ಕೊಮ್ಮೆ, ಅದೂ ಮಳೆಯಾದರೆ. ತುಂಗಭದ್ರೆಯ ಕಾಲುವೆಯಿಂದ ಭತ್ತ ಬೆಳೆಯುವ ಗಂಗಾವತಿಯವರಿಗೆ ಈ ಭಾರ ಕೊಂಚ ಹಗುರವಾದೀತು. ಕಾಲೇಜಿನ ಶುಲ್ಕಕ್ಕೆ ಅಂಜದ ನನ್ನ ಶಿಷ್ಯರು ಬಾಡಿಗೆಗೆ ಅಂಜಿ ಓದು ಬಿಟ್ಟುದನ್ನು ಕಂಡಿದ್ದೇನೆ.

ಇದಕ್ಕೆ ಪರಿಹಾರವನ್ನು ಹಿರಿಯರೇ ತೋರಿದ್ದಾರೆ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯವನ್ನು ನಡೆಸಿದರು. ಬಂಡೆಗುಡ್ಡದ ಮಡಿಲಲ್ಲಿರುವ ಕೊಪ್ಪಳದ ಗವಿಮಠವೂ ಊಟ ವಸತಿ ಕೊಟ್ಟು ಓದಿಸುತ್ತಿದೆ. ಊರಿನ ಚೆಲುವೂ ವಿದ್ಯೆಯ ಒಂದು ಭಾಗವೇ ಆಗಿರುವಲ್ಲಿ ಅದು ಉಳ್ಳವರ ಸೊತ್ತಾಗಕೂಡದು. ಕಾಲೇಜು ತೆರೆಯುವವರು ಅದರೊಡನೆ ವಸತಿನಿಲಯವನ್ನೂ ತೆರೆಯಲಿ ಎಂಬುದೇ ನನ್ನ ಬಿನ್ನಹ.